ಉದ್ದ ಕಾಲಿನ ಮೋಟಾರು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂಗಾರಪೇಟೆಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎಸ್ಸಿ. ಮಾಡಿದವಳು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬಸ್ಸು ಬರಲಿಲ್ಲ. ಟೊಮೆಟೊ ಬಾಕ್ಸು ತುಂಬಿದ ಟೆಂಪೋದ ಹಿಂದೆ ಕೂತು ಹೋಗಿ, ಚೂಡಿದಾರದ ತುಂಬ ಟೊಮೆಟೊ ರಸ ಮಾಡಿಕೊಂಡೇ ಲೋಲಕದ ಆಂದೋಲನ ಎಣಿಸಿದೆ. ಫಸ್ಟ್ ಕ್ಲಾಸು ಬಂತು. ಅಪ್ಪ ಬೋರ್‌ವೆಲ್ ಕೊರೆಯುವ ಲಾರಿಯಲ್ಲಿ ಕೂಲಿ ಮಾಡುತ್ತಿದ್ದ. ಆ ಸದ್ದಿನಲ್ಲಿ ರಾಡು ಎತ್ತಿ ಇಳಿಸಿ ಅವನ ಬಲಗಿವಿ ಅರ್ಧ ಹೋಗಿದೆ. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದಳು. ನಾನು ಶಾಲೆಗೆ ಹೋದೆ.

ಡಿಗ್ರಿ ಕೈಗೆ ಬಂದ ಮೇಲೆ ಊರಿನಲ್ಲಿ ಒಂದು ಮಾತು ನನ್ನ ಬಾಯಿಂದ ಹೊರಡದಂತಾಯಿತು. ಅದು ‘ಗೊತ್ತಿಲ್ಲ’ ಎನ್ನುವ ಮಾತು. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ನನ್ನ ಹತ್ತಿರ ಬರುತ್ತಿದ್ದರು. ಡಾಕ್ಟರು ಬರೆದ ಚೀಟಿ ಓದಲು ಬರುತ್ತಿದ್ದರು. ಹಸುವಿಗೆ ಕೆಚ್ಚಲು ಬಾವು ಬಂದರೂ ಬರುತ್ತಿದ್ದರು. ಬಂಗಾರಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವಳಿಗೆ ಕೆಚ್ಚಲು ಬಾವಿನ ವಿಚಾರ ಏನು ಗೊತ್ತು? ಆದರೆ ಒಮ್ಮೆ ‘ಗೊತ್ತಿಲ್ಲ’ ಎಂದಾಗ ಎದುರಿಗೆ ನಿಂತ ಹೆಂಗಸು, "ಅಂಗಾರೆ ಅಷ್ಟ್ ವರ್ಸ ಏನ್ ಓದ್ದೆ?" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದಳು. ಅಪ್ಪ ಅಲ್ಲೇ ಜಗುಲಿಯ ಮೇಲೆ ಕೂತಿದ್ದ. ಅವನು ಮುಖ ತಿರುಗಿಸಿದ ರೀತಿ ನೋಡಿ, ಇನ್ನು ಮುಂದೆ ಏನಾದರೊಂದು ಉತ್ತರ ಕೊಟ್ಟೇಬಿಡಬೇಕು ಎಂದುಕೊಂಡೆ. ಹಾಗೆಯೇ ಕೊಡುತ್ತಾ ಬಂದೆ. ಬೋಟಿಗೆ ಮೋಟಾರು ಆರಿಸುವ ಕೆಲಸ ನನ್ನ ತಲೆಗೆ ಬಂದದ್ದೂ ಹಾಗೆಯೇ.

ನಮ್ಮ ಊರಿನ ಹಿಂದೆ ಒಂದು ಹೊಳೆ ಇದೆ. ನನ್ನ ಬಾಲ್ಯದಲ್ಲಿ ಅದು ಹೆಸರಿಗೆ ಹೊಳೆ. ಮಳೆಗಾಲದಲ್ಲಿ ನಾಲ್ಕು ದಿನ ಕೆಂಪಗೆ ಹರಿದು, ಆಮೇಲೆ ಬರೀ ಬಂಡೆ, ಮರಳು, ಜಾಲಿ. ಅಕ್ಕನನ್ನು ಕೊಟ್ಟದ್ದು ಆಚೆ ದಡದ ಏಳು ಮನೆಗಳ ಕೊಪ್ಪಲಿಗೆ. ಹೊಳೆಯೊಳಗೆ ನಡೆದರೆ ಹತ್ತು ನಿಮಿಷಕ್ಕೆ ಅವಳ ಮನೆ. ಕೆಳಗಡೆ ಚೆಕ್ ಡ್ಯಾಮು ಕಟ್ಟಿದರು, ಮೇಲಿಂದ ಮೇಲೆ ಒಳ್ಳೆಯ ಮಳೆಯೂ ಆಯಿತು, ನೀರು ನಿಂತೇಬಿಟ್ಟಿತು. ಊರೆಲ್ಲ ಸಂತೋಷಪಟ್ಟಿತು. ಬತ್ತಿದ ಬೋರುಗಳಲ್ಲಿ ನೀರು ಬಂತು. ಕೊಪ್ಪಲಿನ ಏಳು ಮನೆಗಳಿಗೆ ಮಾತ್ರ ನಮ್ಮೂರ ಡೈರಿಯ ದಾರಿ ಮುಚ್ಚಿಹೋಯಿತು. ರಸ್ತೆ ಹಿಡಿದು ಸುತ್ತಿ ಬಂದರೆ ಹನ್ನೊಂದು ಕಿಲೋಮೀಟರು. ಹಾಲಿನ ವ್ಯಾನು ಬೆಳಿಗ್ಗೆ ಆರೂವರೆಗೆ ಹೊರಟುಬಿಡುತ್ತದೆ.

ಭಾವ ಬೆಳಗಿನ ಮೊದಲ ರೈಲಿಗೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವನು. ಮೊಪೆಡ್ಡು ಅವನ ಜೊತೆಗೇ ಸ್ಟೇಷನ್ನಿಗೆ ಹೋಗುತ್ತದೆ. ಅಕ್ಕನ ಹತ್ತಿರ ಎರಡು ಸೀಮೆ ಹಸು. ಹಾಲು ತಲುಪದ ದಿನ ಅಷ್ಟನ್ನೂ ಮೊಸರು ಮಾಡಿ ಏಳು ಮನೆಯವರೂ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಿದ್ದರು. ಹಸುಗಳ ದಲ್ಲಾಳಿ ಎರಡು ಸಲ ಬಂದು ಹಲ್ಲು ನೋಡಿಕೊಂಡು ಹೋಗಿದ್ದ. ಭಾವ ಒಳ್ಳೆಯವನೇ, ಆದರೆ ಲೆಕ್ಕ ಬಿಟ್ಟು ಮಾತಾಡುವವನಲ್ಲ. "ಅಸು ಓದ್ರೆ ಮಗಳ್ನ ಪಿಯುಸಿಗೇ ನಿಲ್ಲಿಸ್ಬೇಕು. ನಾನೊಬ್ನೇ ದುಡ್ದು ಡಿಗ್ರಿ ಓದ್ಸಕ್ಕಾಗಲ್ಲ," ಎಂದು ಅಕ್ಕನಿಗೆ ಹೇಳಿದ್ದ. ಅಕ್ಕನ ಮಗಳು ಆಗ ಕೆಜಿಎಫ್‌ನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಸಂಬಂಧಿಕರ ಮನೆಯಲ್ಲಿದ್ದು ಭಾನುವಾರ ಮಾತ್ರ ಊರಿಗೆ ಬರುತ್ತಿದ್ದಳು.

ನೆರೆ ಬಂದಾಗ ಬೇಕಾಗುತ್ತದೆಂದು ಪಂಚಾಯ್ತಿಯವರು ಕೊಟ್ಟಿದ್ದ ಒಂದು ಫೈಬರ್ ಬೋಟು ಇತ್ತು. ಅದನ್ನು ಬಿದಿರಿನ ಗಳು ಊರಿ ನಡೆಸಲು ಗಂಡಸರು ನೋಡಿದರು. ಒಂದು ಕಡೆ ನೀರು ಮೊಣಕಾಲುದ್ದ, ಎರಡು ಮಾರು ಮುಂದೆ ಗಳು ತಳ ಮುಟ್ಟುವುದಿಲ್ಲ. ಕಿರಿದಾದ ಕಡೆ ಬಂಡೆಗಳ ನಡುವೆ ಸೆಳೆತ. ಹಾಗಾಗಿ ಅರ್ಧ ಕಿಲೋಮೀಟರು ಮೇಲಿನಿಂದ ಓರೆಯಾಗಿ ಬರಬೇಕು, ಹಿಂದಿರುಗುವಾಗ ಸೆಳೆತಕ್ಕೆ ಎದುರಾಗಿ ಹೋಗಬೇಕು. ಮೋಟಾರು ಇಲ್ಲದೆ ಆಗುವುದಿಲ್ಲ ಎಂದು ತೀರ್ಮಾನವಾಯಿತು. ಡೈರಿಯ ಮುಂದೆ ಕೂತು ಊರವರು ದುಡ್ಡು ಹಾಕಲು ಒಪ್ಪಿದರು.

"ಎಷ್ಟ್ ಎಚ್‌ಪಿದು ತರ್ಬೇಕು?" ಎಂದು ಒಬ್ಬರು ಕೇಳಿದರು.

"ಐದು ಸಾಕಂತೆ," ಎಂದರು ಡೈರಿಯ ಕಾರ್ಯದರ್ಶಿ.

"ಐದಾ? ನನ್ನ್ ತೋಟದ್ ಬೋರಿಗೇ ಅನ್ನೆರಡೂವರೆ ಆಕಿದೀನಿ. ಏಳ್ ಮನೆ ಆಲು ಎಳೀಬೇಕು ಅಂದ್ರೆ ಸುಮ್ಕೇನಾ?"

"ಬೋಟು ಮುಂದಕ್ ಓಗ್ಬೇಕು ಕಣಪ್ಪ, ಮ್ಯಾಕಲ್ಲ," ಎಂದು ಇನ್ನೊಬ್ಬರು. ಎಲ್ಲರೂ ನಕ್ಕರು. ನಮ್ಮ ಕಡೆ ಮೋಟಾರು ಎಂದರೆ ಬೋರಿಗೆ ಇಳಿಸುವುದು ಮಾತ್ರ. ಬೇರೆ ಮೋಟಾರು ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಕಾರ್ಯದರ್ಶಿ ನನ್ನ ಕಡೆ ಕೈ ತೋರಿಸಿದರು. "ಇಲ್ಲೇ ಅವ್ಳಲ್ಲ ಬಿಯೆಸ್ಸಿ. ನಾವ್ಯಾಕ್ ತಲೆ ಕೆಡಿಸ್ಕಬೇಕು. ಅವ್ಳೇ ನೋಡಿ ತರ್ಲಿ."

ಅಪ್ಪ ಗುಂಪಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದು ನಿಂತ. ನಾನು ಹೂಂ ಎಂದೆ.

ಶನಿವಾರ ಅಪ್ಪನೂ ನಾನೂ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಆ ವಾರವೆಲ್ಲ ಮೊಬೈಲಿನಲ್ಲಿ ಓದಿದ್ದೆ. ಎರಡು ಸ್ಟ್ರೋಕು, ನಾಲ್ಕು ಸ್ಟ್ರೋಕು, ಫ್ಯಾನಿನ ಅಳತೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬೋಟಿನ ಮೋಟಾರು ಮಾರುವ ಅಂಗಡಿಯವನು ತಾಳ್ಮೆಯ ಮನುಷ್ಯ. ಫ್ಯಾನೇ ಇಲ್ಲದೆ ನೀರು ಹೀರಿ ಹಿಂದಕ್ಕೆ ಉಗುಳುವ ಒಂದು ಮೋಟಾರು ತೋರಿಸಿದ. ಬಂಡೆ ಇರುವ ಕಡೆಗೆ ಒಳ್ಳೆಯದು, ಆದರೆ ಅಷ್ಟೇ ಎಚ್‌ಪಿಗೆ ಎಳೆತ ಕಡಿಮೆ, ಜೊಂಡು ಸಿಕ್ಕಿಕೊಳ್ಳುತ್ತದೆ, ಪೆಟ್ರೋಲು ಜಾಸ್ತಿ ಎಂದ. ಅದು ಬೇಡವೆಂದೆವು. ಆಮೇಲೆ ಐದು ಎಚ್‌ಪಿಯ ಎರಡು ಮೋಟಾರು ಪಕ್ಕಪಕ್ಕ ಇಟ್ಟ. ಎರಡೂ ಒಂದೇ. ನೀರಿನೊಳಗೆ ಇಳಿಯುವ ಕಾಲು ಮಾತ್ರ ಒಂದಕ್ಕೆ ಗಿಡ್ಡ, ಒಂದಕ್ಕೆ ಐದು ಇಂಚು ಉದ್ದ.

ನನ್ನ ತಲೆಯಲ್ಲಿ ಏನು ಓಡಿತು ಎಂದು ಹೇಳಿಬಿಡುತ್ತೇನೆ. ನಾನು ಹುಟ್ಟಿದಾಗ ನಮ್ಮೂರ ನೀರು ಮುನ್ನೂರು ಅಡಿಯಲ್ಲಿತ್ತು. ಹೈಸ್ಕೂಲಿಗೆ ಹೋಗುವಾಗ ಎಂಟುನೂರು. ಡಿಗ್ರಿ ಮುಗಿಯುವ ಹೊತ್ತಿಗೆ ಸಾವಿರದ ಇನ್ನೂರು ಅಡಿಗೂ ಅಪ್ಪನ ಲಾರಿ ಧೂಳೇ ತೆಗೆಯುತ್ತಿತ್ತು. ನೀರು ಕೆಳಗೆ ಹೋಗುತ್ತದೆ, ನಾವು ಇನ್ನಷ್ಟು ಉದ್ದ ಇಳಿಸುತ್ತೇವೆ. ನನಗೆ ಗೊತ್ತಿದ್ದ ನೀರು ಅದೊಂದೇ. ಬೇಸಿಗೆಯಲ್ಲಿ ಹೊಳೆ ಇಳಿಯುತ್ತದೆ, ಗಿಡ್ಡ ಕಾಲು ಆಗ ನೀರಿಗೆ ಎಟುಕುವುದಿಲ್ಲ, ಉದ್ದದ್ದೇ ಕ್ಷೇಮ ಎಂದು ನಿರ್ಧರಿಸಿದೆ. ನೀರು ಇಳಿದರೆ ಬೋಟೂ ಅದರ ಜೊತೆಗೇ ಇಳಿಯುತ್ತದೆ, ಮೇಲೆ ಬರುವುದು ಬಂಡೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಆದರೆ ನಮ್ಮೂರಿನ ಉಳಿದವರ್ಯಾರೂ ಬಿ.ಎಸ್ಸಿ. ಮಾಡಿರಲಿಲ್ಲ.

"ನಿಮ್ಮ ಬೋಟಿನ ಹಿಂದಿನ ಹಲಗೆ ಎಷ್ಟು ಎತ್ತರ ಇದೆ ಮೇಡಂ? ಅದರ ಮೇಲೇ ಯಾವ ಕಾಲು ಅಂತ ಆಗೋದು," ಎಂದು ಅಂಗಡಿಯವನು ಕೇಳಿದ.

ನಾನು ಅಳೆದಿರಲಿಲ್ಲ. ನೋಟ್‌ಬುಕ್ಕಿನ ಹದಿನಾಲ್ಕು ಪುಟದಲ್ಲಿ ಆ ಒಂದು ಅಂಕಿ ಇರಲಿಲ್ಲ. ಅವನು ಮೇಡಂ ಎಂದಿದ್ದ. ಅಪ್ಪ ಪಕ್ಕದಲ್ಲಿದ್ದ. ಉದ್ದ ಕಾಲಿನ ಮೇಲಿನ ಚೀಟಿಯಲ್ಲಿ ಇಪ್ಪತ್ತು ಎಂದು ಬರೆದಿತ್ತು.

"ಇಪ್ಪತ್ತು ಇಂಚು," ಎಂದೆ.

ಅಪ್ಪ ನನ್ನ ಕಡೆ ನೋಡಿದ. ಕಬ್ಬಿಣದ ಜೊತೆ ಮೂವತ್ತು ವರ್ಷ ದುಡಿದವನು ಅವನು. ಯಾವ ಹಲಗೆ ಎಷ್ಟು ಎತ್ತರ ಎಂದು ಕಣ್ಣಳತೆಯಲ್ಲೇ ಹೇಳುತ್ತಾನೆ. ಬಗ್ಗಿ ಆ ಉದ್ದ ಕಾಲನ್ನು ಒಮ್ಮೆ ಸವರಿ, "ಅಮ್ಮಣ್ಣಿ, ಇದು ನಮ್ ಬಂಡೆಗ್ ತಗಲಲ್ವಾ?" ಎಂದ.

"ನಿಂಗ್ ಗೊತ್ತಾಗಲ್ಲ, ಸುಮ್ಕಿರಪ್ಪ," ಎಂದೆ.

ಅಪ್ಪ ಮೋಟಾರನ್ನು ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಸ್ಟೇಷನ್ನಿಗೆ ನಡೆದ. ರೈಲಿನಲ್ಲಿ ಕೂತವರು ಬಿಡಲಿಲ್ಲ.

"ಏನ್ ತಾತಾ ಅದು?"

"ಬೋಟಿನ್ ಮೋಟ್ರು."

"ಯಾವೂರ್ಗೆ?"

"ಬಂಗಾರಪ್ಯಾಟೆ ಕಡೆ."

ಡಬ್ಬಿಯೇ ನಕ್ಕಿತು. "ಕೋಲಾರ ಜಿಲ್ಲೇಲಿ ಬೋಟಾ? ತಾತನ್ ಮಾತು ಏಮಪ್ಪಾ!" ಎಂದು ಒಬ್ಬ ತೆಲುಗು ಸೇರಿಸಿ ಹಾಸ್ಯ ಮಾಡಿದ. ಅಪ್ಪ ತಾನೂ ನಕ್ಕು, "ನನ್ನ್ ಮಗಳು ಆರಿಸಿದ್ದು, ಬಿಯೆಸ್ಸಿ ಮಾಡವ್ಳೆ," ಎಂದ. ವೈಟ್‌ಫೀಲ್ಡ್ ದಾಟಿ, ಮಾಲೂರು ದಾಟಿ, ಟೇಕಲ್ ಬರುವ ತನಕ ಹತ್ತಿದವರಿಗೆಲ್ಲ ಅದನ್ನೇ ಹೇಳಿದ. ನಾನು ಕಿಟಕಿ ನೋಡುತ್ತಾ ಕೂತೆ.

ಮೊದಲ ದಿನ ಬೋಟು ನಡೆಸಿದವಳು ನಾನೇ. ಪುಸ್ತಕ ಓದಿದವಳು ನಡೆಸಲಿ ಎಂದರು. ಬೆಳಿಗ್ಗೆ ಆರಕ್ಕೆ ಕೊಪ್ಪಲಿನ ಕಡೆಯಿಂದ ನಾಲ್ಕು ಕ್ಯಾನು ಹಾಲು ಹಾಕಿದೆವು. ಅಕ್ಕ ಕ್ಯಾನುಗಳ ಮಧ್ಯೆ ಕೂತಳು. ಆಚೆ ದಡದಲ್ಲಿ ಡೈರಿಯ ಹತ್ತಿರ ಜನ ಸೇರಿದ್ದು ಕಾಣುತ್ತಿತ್ತು. ಮೊದಲ ಇನ್ನೂರು ಮೀಟರು ಚೆನ್ನಾಗಿ ಹೋಯಿತು. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಆಮೇಲೆ ತಳದಲ್ಲಿ ಕರ್ ಎಂದಿತು. ಬೋಟು ಅಲ್ಲೇ ಮೂಗುಹಿಡಿದಂತೆ ನಿಂತು ಪಕ್ಕಕ್ಕೆ ತಿರುಗಿತು. ಬೋಟಿನ ತಳಕ್ಕೆ ಏನೂ ತಗಲಿರಲಿಲ್ಲ, ಕಾಲು ಸಿಕ್ಕಿಕೊಂಡಿತ್ತು. ಗಾಬರಿಯಲ್ಲಿ ಹಿಂದಕ್ಕೆ ಗೇರು ಹಾಕಿದೆ. ಕಾಲು ಎರಡು ಬಂಡೆಗಳ ಸಂದಿಗೆ ಇನ್ನಷ್ಟು ಕೂತಿತು, ಫ್ಯಾನಿನ ಪಿನ್ನು ಟಪ್ಪೆಂದು ಮುರಿಯಿತು. ಇಂಜಿನ್ನು ಓಡುತ್ತಿದೆ, ಫ್ಯಾನು ತಿರುಗುತ್ತಿಲ್ಲ. ಆಫ್ ಮಾಡಿದೆ. ಮೋಟಾರನ್ನು ಮೇಲಕ್ಕೆ ಮಡಚುವ ಕೊಂಡಿ ಎಳೆದೆ. ಅಲುಗಲಿಲ್ಲ. ಹಿಂದಿನಿಂದ ಸೆಳೆತ ಬೋಟನ್ನು ಒತ್ತುತ್ತಿತ್ತು. ಇಳಿಯೋಣವೆಂದರೆ ಒಂದು ಪಕ್ಕ ಮೊಣಕಾಲುದ್ದ, ಇನ್ನೊಂದು ಪಕ್ಕ ಕಪ್ಪು ನೀರು. ನನಗೆ ಈಜು ಬರುವುದಿಲ್ಲ, ಅಕ್ಕನಿಗೂ ಬರುವುದಿಲ್ಲ. ಬಾವಿಯಲ್ಲಿ ನೀರಿದ್ದರೆ ತಾನೇ ಈಜು ಕಲಿಯುವುದು?

ದಡದಿಂದ ಹತ್ತು ಬಾಯಿ ಹತ್ತು ಉಪಾಯ ಕೂಗಿದವು. ಯಾವುದೂ ಅರ್ಥವಾಗಲಿಲ್ಲ. ಆರೂವರೆಗೆ ವ್ಯಾನು ಬಂದು ಹಾರನ್ನು ಹಾಕಿತು. ಹತ್ತು ನಿಮಿಷ ಕಾಯಿತು. ಮತ್ತೊಮ್ಮೆ ಹಾರನ್ನು ಹಾಕಿ ಹೊರಟುಹೋಯಿತು. ಅಕ್ಕ ಕ್ಯಾನಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಆ ರಸ್ತೆಯ ಧೂಳನ್ನೇ ನೋಡಿದಳು.

ಏನಾದರೂ ಮಾಡುತ್ತಿರುವಂತೆ ಕಾಣಬೇಕೆಂದು ಮೋಟಾರಿನ ಜೊತೆ ಬಂದಿದ್ದ ಪುಸ್ತಕ ತೆಗೆದೆ. ಫ್ಯಾನಿನ ಮೇಲೆ ಅಡ್ಡಕ್ಕೆ ತಟ್ಟೆಯಂಥ ಒಂದು ಪಟ್ಟಿ ಇರುತ್ತದೆ, ಅದು ಬೋಟಿನ ತಳದ ಸಮಕ್ಕೆ ಬರಬೇಕು ಎಂದು ಚಿತ್ರ ಸಮೇತ ಬರೆದಿತ್ತು. ನೀರಿಗೆ ಕೈ ಇಳಿಬಿಟ್ಟು ತಡವಿದೆ. ತಳ ಮುಗಿದ ಮೇಲೆ ಇನ್ನೂ ಬೆರಳುಗಳನ್ನು ಚಾಚಿ ಚಾಚಿ ಹೋದರೆ ಆ ಪಟ್ಟಿ ಸಿಕ್ಕಿತು. ಸರಿಯಾಗಿ ಐದು ಇಂಚು ಕೆಳಗೆ. ಹಿಂದಿನ ಹಲಗೆಯನ್ನು ಗೇಣಿನಲ್ಲಿ ಅಳೆದೆ. ಹದಿನೈದೇ ಇಂಚು. ಈ ಅಳತೆಯನ್ನು ದಡದಲ್ಲಿ ನಿಂತು ಎರಡು ನಿಮಿಷದಲ್ಲಿ ಮಾಡಬಹುದಿತ್ತು.

ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. "ಏನೇ ಅದು? ಸರಿಯಾಗ್ ನೋಡೇ ತಗಂಡ್ಯಾ ನೀನು?"

"ಹೂಂ," ಎಂದೆ. "ಬಂಡೆ ಇರೋ ಜಾಗ ಗೊತ್ತಾಗ್ಲಿಲ್ಲ ಅಷ್ಟೇ."

"ಬಂಡೆ ಎಲ್ಲೈತೆ ಅಂತ ನನ್ನ್ ಕೇಳಿದ್ರೆ ಏಳ್ತಿದ್ನಲ್ಲೇ. ಅದ್ನೈದ್ ವರ್ಸ ಇದರ್ ಮ್ಯಾಲೇ ತಾನೇ ನಡ್ದಿರೋದು."

ಬಿಸಿಲು ಏರಿತು. ಬೋಟು ಅಲ್ಲಾಡಿದಾಗಲೆಲ್ಲ ಅವಳು ಒಂದು ಕೈಯಿಂದ ಕ್ಯಾನನ್ನೂ ಇನ್ನೊಂದರಿಂದ ನನ್ನ ದುಪಟ್ಟಾವನ್ನೂ ಹಿಡಿಯುತ್ತಿದ್ದಳು. ಎರಡೂ ದಡ ಕಾಣುತ್ತಿತ್ತು, ಯಾವ ದಡಕ್ಕೂ ಹೋಗಲಾಗುತ್ತಿರಲಿಲ್ಲ. ಹಾಲು ಕೆಡುವ ಮೊದಲು ಒಂದು ಹುಳಿ ವಾಸನೆ ಬರುತ್ತದೆ. ಎಂಟು ಗಂಟೆಯ ಹೊತ್ತಿಗೆ ಅದು ಬಂತು.

ಅಪ್ಪ ಬಂದದ್ದು ಆಮೇಲೆ. ದಡದ ಹುಣಸೆ ಮರಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಕುತ್ತಿಗೆಮಟ್ಟದ ನೀರಲ್ಲಿ ಬಂದ. ಬೋಟನ್ನು ಎಳೆಯಲಿಲ್ಲ, ಮೋಟಾರನ್ನು ಅಲುಗಿಸಲಿಲ್ಲ. ಹಲಗೆಗೆ ಬಿಗಿದಿದ್ದ ಎರಡು ತಿರುಪನ್ನು ಸಡಿಲಿಸಿ, ಮೋಟಾರನ್ನು ತಬ್ಬಿ ಹಿಡಿದು ನೆಟ್ಟಗೆ ಮೇಲಕ್ಕೆತ್ತಿದ. ಬೋರಿನಲ್ಲಿ ಸಿಕ್ಕ ರಾಡನ್ನು ಪಕ್ಕಕ್ಕೆ ಎಳೆಯಬಾರದು, ಬಂದ ದಾರಿಯಲ್ಲೇ ತೆಗೆಯಬೇಕಂತೆ. ಬೋಟು ಬಿಟ್ಟುಕೊಂಡಿತು. ಕಾಲನ್ನು ಮಡಿಲಲ್ಲಿ ಮಲಗಿಸಿಕೊಂಡು ಅವನು ಹಲಗೆಯನ್ನೂ ಅದನ್ನೂ ಒಮ್ಮೆ ನೋಡಿದ. ನನ್ನನ್ನು ನೋಡಲಿಲ್ಲ.

ಅಂಗಡಿಗೆ ಫೋನು ಮಾಡಿದೆ. ನೀರಿಗೆ ಇಳಿದ, ಪಿನ್ನು ಮುರಿದ ಮೋಟಾರನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಅವರದು ತಪ್ಪಲ್ಲ. ಇಪ್ಪತ್ತು ಎಂದವಳು ನಾನು.

ಇತ್ತ ಊರಿನಲ್ಲಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಉಸಿರಾಡುತ್ತಿದ್ದೆನೋ ಏನೋ. ಓದಿದವಳು ಆರಿಸಿದ್ದು ತಪ್ಪಾಗಿರಲು ಸಾಧ್ಯವಿಲ್ಲ, ಆದ್ದರಿಂದ ತಪ್ಪು ಬಂಡೆಯದು ಎಂದು ತೀರ್ಮಾನವಾಯಿತು. ಸೋಮವಾರ ಸಂಜೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿ ಎಲ್ಲರ ಮುಂದೆ ಹೇಳಿದರು: "ಕ್ವಾರಿಯವನ್ಗೆ ಏಳಿದೀನಿ. ಆ ಸಾಲಲ್ಲಿ ನಾಕ್ ಬಂಡೆ ಅವೆ. ತೂತು ಒಡ್ದು ಮದ್ದಿಟ್ರೆ ಒಂದೇ ದಿನ."

"ಚೆಕ್ ಡ್ಯಾಮು ಬಿರುಕು ಬಿಟ್ರೆ?" ಎಂದು ಯಾರೋ ಕೇಳಿದರು.

"ಅಷ್ಟ್ ದೂರಕ್ಕಾ? ನಮ್ ಕೆಜಿಎಫ್‌ನಲ್ಲಿ ನೆಲದೊಳ್ಗೆ ದಿನಾ ಒಡೀತಿದ್ರು, ಮ್ಯಾಲ್ ಮನೆಯೋರು ನಿದ್ದೆ ಮಾಡ್ತಿರ್ಲಿಲ್ವಾ? ಏನಮ್ಮ, ನೀನ್ ಏಳು, ಸೈನ್ಸ್ ಪ್ರಕಾರ ಏನಾಯ್ತದೆ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ‘ಏನೂ ಆಗಲ್ಲ’ ಎಂದಿದ್ದರೆ ಬುಧವಾರ ಮದ್ದು ಇಡುತ್ತಿದ್ದರು. ನನ್ನ ಐದು ಇಂಚಿಗಾಗಿ ಆ ಹೊಳೆಯನ್ನೇ ಒಡೆಯುತ್ತಿದ್ದರು. ಅಕ್ಕ ಆ ದಿನ ಸುತ್ತಿ ನಡೆದು ಬಂದಿದ್ದಳು, ಕಾಲ ತುಂಬ ಧೂಳು. ಭಾನುವಾರ ದಲ್ಲಾಳಿ ಹಗ್ಗ ಸಮೇತ ಬರುತ್ತೇನೆ ಎಂದು ಹೇಳಿಕಳಿಸಿದ್ದ.

"ಬಂಡೆ ಸರಿಯಾಗೇ ಇದೆ," ಎಂದೆ. "ಮೋಟಾರೇ ತಪ್ಪು. ಗಿಡ್ಡ ಕಾಲಿಂದು ತರಬೇಕಿತ್ತು. ನಾನು ಹಲಗೆ ಅಳೀಲಿಲ್ಲ. ಅಂಗಡೀಲಿ ಬಾಯಿಗೆ ಬಂದ ಅಳತೆ ಹೇಳಿ ತಂದೆ. ತಪ್ಪು ನನ್ನದು."

ನನಗೆ ಎದೆ ಹಗುರವಾಗುತ್ತಾ ಇತ್ತು.

ಅಷ್ಟರಲ್ಲಿ ಹಿಂದಿನಿಂದ ಅಪ್ಪ ಕೆಮ್ಮಿದ. "ಅವ್ಳ್ ಮಾತ್ ಕೇಳ್ಬ್ಯಾಡಿ. ನನ್ನ್ ಮುಚ್ಚಾಕಕ್ ಅಂಗ್ ಅಂತವ್ಳೆ. ಅವ್ಳು ಗಿಡ್ಡದ್ದೇ ಕೇಳಿದ್ದು. ನಾನೇ ಅಂಗಡೀಲಿ ಅಟ ಮಾಡಿ ಉದ್ದದ್ದು ತಗಸ್ದೆ. ನೀರ್ ಇಳೀತದೆ, ಉದ್ದ ಇರ್ಲಿ ಅಂತ."

ಕಾರ್ಯದರ್ಶಿ ತೊಡೆ ತಟ್ಟಿಕೊಂಡು ನಕ್ಕರು. "ಅದೇ ಅಂದ್ಕಂಡೆ. ಓದಿರೋಳು ಇಂಗ್ ಮಾಡ್ತಾಳಾ? ಬೋರ್ ಲಾರಿಯೋನ್ಗೆ ಉದ್ದ ಬಿಟ್ಟು ಇನ್ನೇನ್ ಗೊತ್ತಾಯ್ತದೆ."

"ಇನ್ನೊಂದ್ ಸಾವ್ರ ಅಡಿ ಇಳಿಸ್ಬೇಕಿತ್ತು ಕಣಣ್ಣೋ, ಚಿನ್ನನೇ ಬರೋದು."

"ಕೇಸಿಂಗ್ ಪೈಪ್ ಆಕಿದ್ಯೋ ಇಲ್ವೋ ಬೋಟಿಗೆ?"

ಅಪ್ಪ ತಲೆ ಕೆರೆದುಕೊಂಡು ಅವರ ಜೊತೆಯೇ ನಕ್ಕ. ನಾನು, "ಇಲ್ಲ, ಅಪ್ಪ ಅಂಗಡೀಲೇ ಬೇಡ ಅಂದಿದ್ದ," ಎಂದೆ. ಕೂಗಿಯೇ ಹೇಳಿದೆ. ಒಬ್ಬ ಹೆಂಗಸು ನನ್ನ ಬೆನ್ನು ಸವರಿ, "ಅಪ್ಪನ್ ಮರ್ಯಾದೆ ಕಾಯ್ತಾಳೆ ನೋಡು, ಇದಕ್ಕೇ ಓದ್ಬೇಕು ಅನ್ನೋದು," ಎಂದಳು. ನಾನು ಬಾಯಿ ತೆರೆದಷ್ಟೂ ಒಳ್ಳೆಯವಳಾಗುತ್ತಾ ಹೋದೆ.

ಮದ್ದಿಡುವ ಮಾತು ಅಲ್ಲಿಗೆ ನಿಂತಿತು. ಉದ್ದ ಕಾಲಿಗೆ ಉಪಾಯವೊಂದು ಪುಸ್ತಕದಲ್ಲೇ ಇತ್ತು: ಕಾಲನ್ನು ಕತ್ತರಿಸಲಾಗುವುದಿಲ್ಲ, ಆದರೆ ಹಲಗೆಯನ್ನು ಎತ್ತರ ಮಾಡಬಹುದು. ಮರುದಿನ ನಾನು ರಜೆ ಹಾಕಿ ಅಪ್ಪನ ಜೊತೆ ಕೆಜಿಎಫ್‌ನ ಊರಿಗಾಂಗೆ ಹೋದೆ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ಒಬ್ಬ ಮುದುಕ, ಗಣಿ ಮುಚ್ಚಿದ ಮೇಲೆ ಕೂಲಿಯವರ ಸಾಲುಮನೆಗಳಲ್ಲಿನ ತನ್ನ ಲೈನ್ ಮನೆಯ ಮುಂದೆ ತಗಡಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದ. ಮೋಟಾರನ್ನು ಸುತ್ತ ತಿರುಗಿ ನೋಡಿದ.

"ಯಾರಮ್ಮಾ ಇದನ್ನ ಆರಿಸಿದ್ದು? ಸಮುದ್ರಕ್ಕೆ ಓಗ್ತೀರಾ?"

"ನಾನೇ ಸಾಮಿ," ಎಂದ ಅಪ್ಪ, ನಾನು ಉಸಿರೆಳೆಯುವಷ್ಟರಲ್ಲಿ.

"ಪರವಾಯಿಲ್ಲ," ಎಂದು ಮುದುಕ ತಮಿಳಿನಲ್ಲಿ ಸಮಾಧಾನ ಹೇಳಿ, ನನ್ನ ಕಡೆ ತಿರುಗಿ ಮಗಳನ್ನು ಮುದ್ದಿನಿಂದ ಕರೆಯುವಂತೆ ಕೇಳಿದ: "ಬೋಟು ಹಲಗೆ ಅಳತೆ ತಂದಿದೀಯಾ ಕಣ್ಣು?"

ತಂದಿದ್ದೆ. ಎತ್ತರ, ದಪ್ಪ, ಅಗಲ, ಮೂರು ಸಲ ಅಳೆದು ಬರೆದುಕೊಂಡಿದ್ದೆ. ಅವನು ಕಬ್ಬಿಣದ ಪಟ್ಟಿ ಕತ್ತರಿಸಿ, ಹಲಗೆಯ ಮೇಲೆ ಬೋಲ್ಟು ಹಾಕಿ ಕೂರಿಸುವಂಥ ಐದು ಇಂಚಿನ ಮೆಟ್ಟು ಮಾಡತೊಡಗಿದ. ಫ್ಯಾನಿನ ಮುಂದೆ ಬಂಡೆಗೆ ಮೊದಲು ತಗಲುವಂತೆ ಎರಡು ಸರಳನ್ನೂ ಬಾಗಿಸಿದ, ಮುರಿದ ಪಿನ್ನಿಗೆ ಬದಲಿ ಹಾಕಿದ. ವೆಲ್ಡಿಂಗ್ ಬೆಳಕಿಗೆ ಬೆನ್ನು ಮಾಡಿ ನಾವಿಬ್ಬರೂ ರಸ್ತೆಯ ಕಡೆ ಕೂತೆವು.

"ಯಾಕಪ್ಪ ಅಂಗಂದೆ?" ಎಂದು ಅವನ ಎಡಗಿವಿಯ ಕಡೆ ಬಗ್ಗಿ ಕೇಳಿದೆ.

"ಏನು?"

"ನಿಂಗೆ ಕೇಳಿಸ್ತು."

ಅವನು ಬೀಡಿ ಹಚ್ಚಿ, ಕಡ್ಡಿಯನ್ನು ಮುರಿದು ಎಸೆದ. "ನನ್ನ್ ನೋಡಿ ನಕ್ರೆ ನಂಗೇನಾಯ್ತದೆ? ನಾಳೆ ಮರೀತಾರೆ. ನಿನ್ನ್ ನೋಡಿ ನಕ್ರೆ ಅಂಗಲ್ಲ. ಆ ಏಳ್ ಮನೇಲಿ ಐದು ಎಣ್ಣುಮಕ್ಳು ಅವೆ. ಓದಿ ಏನ್ ಕಿಸ್ದ್ಳು ಇವ್ಳು ಅಂತ ಒಂದ್ ಮಾತು ಬಂದ್ರೆ ಸಾಕು, ಯಾವನೂ ಕಳ್ಸಲ್ಲ. ನಿಮ್ ಭಾವ ಮೊದ್ಲು."

"ಅಂಗಂತ ಸುಳ್ ಏಳ್ತೀಯಾ?"

"ನೀನ್ ಅಂಗಡೀಲಿ ಏನ್ ಏಳ್ದೆ?"

ಮುದುಕ ಕಬ್ಬಿಣ ಆರಲಿ ಎಂದು ನೀರು ಸುರಿದ ಸದ್ದು ಬಂತು.

ಗುರುವಾರ ಮೆಟ್ಟು ಕೂರಿಸಿದೆವು. ಪಟ್ಟಿ ಬೋಟಿನ ತಳದ ಸಮಕ್ಕೆ ಬಂತು. ನಾನು ಕೋಲಿಟ್ಟು ನೋಡಿದೆ, ಅಪ್ಪ ಕಣ್ಣಲ್ಲೇ ನೋಡಿದ. ಈ ಸಲ ಹಿಡಿಕೆ ಹಿಡಿದವಳು ಅಕ್ಕ. ಯಾವ ಬಂಡೆ ಎಲ್ಲಿ ಎಂಬುದು ಅವಳ ಕಾಲಿಗೆ ಗೊತ್ತಿತ್ತು. ಒತ್ತಾಗಿ ಬಂಡೆ ಇರುವ ಇಪ್ಪತ್ತು ಮಾರು ಜಾಗದಲ್ಲಿ ಇಂಜಿನ್ನು ಆರಿಸಿ, ಕಾಲನ್ನು ಮೇಲಕ್ಕೆ ಮಡಚಿ, ಗಳು ಊರಿ ದಾಟಿಸಿದಳು. ಒಂದು ಕಡೆ ಸರಳು ಕಿರ್ ಎಂದು ಉಜ್ಜಿತು, ಬೋಟು ನಿಲ್ಲಲಿಲ್ಲ. ಆರು ಇಪ್ಪತ್ತಕ್ಕೆ ನಾಲ್ಕು ಕ್ಯಾನೂ ಡೈರಿಯ ಮೆಟ್ಟಿಲ ಮೇಲಿದ್ದವು. ಭಾನುವಾರ ಬಂದ ದಲ್ಲಾಳಿಗೆ ಅಕ್ಕ ಕಾಫಿ ಕೊಟ್ಟು, "ಅಗ್ಗ ಬೇಕಿದ್ರೆ ಬಿಟ್ಟೋಗು, ಅಸು ಮಾತ್ರ ಕೇಳ್ಬ್ಯಾಡ," ಎಂದಳಂತೆ.

ಅಪ್ಪ ಈಗಲೂ ಡೈರಿಗೆ ಹೋದರೆ ಯಾರಾದರೊಬ್ಬರು ‘ಎಷ್ಟ್ ಅಡಿ?’ ಎಂದು ಕೇಳುತ್ತಾರೆ. ಅವನು ಪ್ರತಿ ಸಲ ಬೇರೆ ಬೇರೆ ಅಂಕಿ ಹೇಳಿ ನಗಿಸುತ್ತಾನೆ. ನಾನು ಅಲ್ಲಿದ್ದರೆ ಹಾಲಿನ ಚೀಟಿ ಓದುವಂತೆ ತಲೆ ತಗ್ಗಿಸುತ್ತೇನೆ.

ಪಿಯುಸಿ ಫಲಿತಾಂಶ ಬಂದ ವಾರ ಅಕ್ಕನ ಮಗಳು ಅಂಕಪಟ್ಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಒಳ್ಳೆಯ ಅಂಕ. ನನಗಿಂತ ಹೆಚ್ಚು. ಕಾಲೇಜಿನ ಅರ್ಜಿಯನ್ನು ನನ್ನ ಮುಂದೆ ಇಟ್ಟಳು. ಅದನ್ನು ನೋಡುವ ಮೊದಲು ನಾನು ಅವಳನ್ನು ಕೂರಿಸಿಕೊಂಡು ಮೋಟಾರಿನ ವಿಚಾರ ಪೂರ್ತಿ ಹೇಳಿದೆ. ಅಂಗಡಿಯಲ್ಲಿ ಕೇಳಿದ ಪ್ರಶ್ನೆ, ನಾನು ಹೇಳಿದ ಇಪ್ಪತ್ತು, ತಾತನಿಗೆ ‘ಸುಮ್ಕಿರು’ ಎಂದದ್ದು, ಎಲ್ಲ. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳಿಸಿಕೊಂಡಳು.

"ಬಿಡು ಚಿಕ್ಕಮ್ಮ," ಎಂದಳು ಕೊನೆಗೆ. "ತಾತನ್ನ ಎಲ್ರೂ ಆಡ್ಕಂತಾರೆ ಅಂತ ನಿಂಗ್ ಬೇಜಾರು. ನಂಗ್ ಗೊತ್ತಾಗಲ್ವಾ?"

"ನಿಜ ಕಣೇ ನಾನು ಹೇಳ್ತಿರೋದು."

"ಸರಿ, ಸರಿ," ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡು ಬೋಟಿಗೆ ಹೊತ್ತಾಯಿತೆಂದು ಓಡಿದಳು.

ಅರ್ಜಿ ನನ್ನ ಮೇಜಿನ ಮೇಲಿದೆ. ಹೆಸರು, ವಿಳಾಸ, ಅಂಕಗಳನ್ನೆಲ್ಲ ದುಂಡಗೆ ತುಂಬಿದ್ದಾಳೆ. ಯಾವ ವಿಷಯಗಳನ್ನು ಆರಿಸಿಕೊಳ್ಳುತ್ತೀರಿ ಎಂದು ಕೇಳಿರುವ ಕಡೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾಳೆ: ಚಿಕ್ಕಮ್ಮ ಹೇಳಿದ್ದು.